ಚೀಲ ನನ್ನದೇ ಎಂದು ಬರೆದುಕೊಟ್ಟ ಪ್ರಕರಣ

ಕಾಯ್ದೆಯ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಶಿರಹಟ್ಟಿಯ ತಹಶೀಲ್ದಾರ ಕಚೇರಿಯ ಎದುರು ಮೂವತ್ತು ವರ್ಷದಿಂದ ಟೇಬಲ್ ಹಾಕಿಕೊಂಡು ಕುಳಿತ ಬಾಂಡ್ ರೈಟರ್ ನಾನು. ಖರೇದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ, ಬಾಡಿಗೆ ಕರಾರು, ಯಾವುದೇ ಇರಲಿ, ನಾನು ಬರೆದದ್ದನ್ನು ವಕೀಲರೂ ಎರಡೆರಡು ಸಲ ಓದುತ್ತಾರೆ. ಒಂದೇ ಸಲಕ್ಕೆ ತಿಳಿಯುವುದಿಲ್ಲ, ಅದಕ್ಕೇ ಎರಡು ಸಲ ಎಂದು ನನ್ನ ಹೆಂಡತಿ ಶಾಂತಾ ಹೇಳುತ್ತಾಳೆ. ಆಕೆಯ ಮಾತನ್ನು ನಾನು ದಾಖಲೆಗೆ ತೆಗೆದುಕೊಳ್ಳುವುದಿಲ್ಲ.

ಹೋದ ತಿಂಗಳು ಒಂದು ಮುಂಜಾನೆ ಶಾಂತಾ ನನ್ನ ಕೈಗೆ ಹಳದಿ ಬಟ್ಟೆಯ ಚೀಲ ಕೊಟ್ಟು, ಗದಗಿನ ಪಕ್ಕದ ಬೆಟಗೇರಿಯಲ್ಲಿರುವ ತನ್ನ ತಂಗಿಗೆ ಮುಟ್ಟಿಸಿ ಬರಲು ಅಪ್ಪಣೆ ಮಾಡಿದಳು. ಒಳಗೆ ಇಪ್ಪತ್ತು ಸಜ್ಜಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಚೀಲ ನಮ್ಮೂರಿನ ದೊಡ್ಡ ಮದುವೆಯೊಂದರದು. ವಧೂವರರ ಹೆಸರು ಅಚ್ಚು ಹಾಕಿಸಿ ಬಂದವರಿಗೆಲ್ಲ ಒಂದೊಂದು ಹಂಚಿದ್ದರು. ಸಂತೆಯ ದಿನ ನೋಡಿದರೆ ಇಡೀ ಶಿರಹಟ್ಟಿ ಆಗಷ್ಟೇ ಆ ಮದುವೆಯ ಪಂಕ್ತಿಯಿಂದ ಎದ್ದು ಬಂದಂತೆ ಕಾಣುತ್ತದೆ.

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಿಂದ ಟವೆಲ್ಲೋ ಚೀಲವೋ ಒಳಗೆ ಒಗೆದರೆ ಆ ಸೀಟು ನಿಮ್ಮ ಹೆಸರಿಗೆ ನೋಂದಣಿಯಾದ ಹಾಗೆ. ನಾನೂ ಮೂರನೇ ಕಿಟಕಿಗೆ ಗುರಿಯಿಟ್ಟು ಒಗೆದೆ. ನೂಕಾಡಿ ಹತ್ತಿ ನೋಡಿದರೆ ಮೂರನೇ ಸೀಟಿನ ಮೇಲೆ ಹಳದಿ ಚೀಲ ಇತ್ತು. ಸುಮಾರು ಐವತ್ತರ ಒಬ್ಬ ಹೆಣ್ಣುಮಗಳು ಅದಕ್ಕೆ ಕೈ ಹಾಕಿದ್ದಳು.

ಚೀಲ ನನ್ನದು ಅಂದೆ. ತನ್ನದು ಅಂದಳು. ಅದರೊಳಗೆ ನಮ್ಮವ್ವನ... ಎಂದು ಹೇಳಲು ಹೊರಟವಳ ಮಾತನ್ನು ನಾನು ಅರ್ಧಕ್ಕೇ ತುಂಡರಿಸಿದೆ.

"ಬಿಚ್ಚಿ ನೋಡ್ರಿ ಅಣ್ಣಾರ, ಗೊತ್ತಾಕೈತಿ," ಎಂದಳು.

ಬಿಚ್ಚಿ ನೋಡುವುದೆಂದರೆ ನನ್ನ ಮಾತನ್ನೇ ಸಂಶಯಿಸಿದಂತೆ! ಬೇಕಾದರೆ ಬರೆದುಕೊಡುತ್ತೇನೆ ಎಂದೆ. ಬರೀ ಅನ್ನಲಿಲ್ಲ, ಜೇಬಿನಿಂದ ಹಾಳೆ ತೆಗೆದು, ಕಂಬಕ್ಕೆ ಒತ್ತಿ ಹಿಡಿದು, ಇಡೀ ಬಸ್ಸಿಗೆ ಕೇಳುವಂತೆ ಓದುತ್ತ ಬರೆದೆ: "ಎಡಬದಿಯ ಮೂರನೇ ಸೀಟಿನ ಮೇಲಿರುವ ಹಳದಿ ಚೀಲ ಹಾಗೂ ಅದರೊಳಗಿನ ಸಮಸ್ತ ವಸ್ತುಗಳು ನನ್ನ ಸ್ವಂತ ಮಾಲಕಿ ಹಾಗೂ ಕಬ್ಜೆಯಲ್ಲಿದ್ದು, ಅದರಲ್ಲಿ ಅನ್ಯರ ಯಾವುದೇ ಹಕ್ಕು ಇರುವುದಿಲ್ಲವೆಂದು ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ." ಕೆಳಗೆ ಸಹಿ ಹಾಕಿ ಕಂಡಕ್ಟರನ ಕೈಗೆ ಕೊಟ್ಟೆ. ಜನ ನಕ್ಕರು. ಮೆಚ್ಚಿ ನಕ್ಕರು ಅಂದುಕೊಂಡೆ.

ಅಷ್ಟರಲ್ಲಿ ಕಂಡಕ್ಟರನಿಗೆ ಹಿಂದಿನ ಸೀಟಿನ ಕೆಳಗೆ ಅಂಥದೇ ಇನ್ನೊಂದು ಚೀಲ ಸಿಕ್ಕಿತು. ಇದು ನಿನ್ನದಿರಬೇಕವ್ವಾ ಎಂದು ಆಕೆಗೆ ಕೊಟ್ಟ. ಆ ಗದ್ದಲದಲ್ಲಿ ಆಕೆಯೂ ಬಿಚ್ಚಿ ನೋಡಲಿಲ್ಲ. ಅದನ್ನು ಎದೆಗೆ ಅವಚಿಕೊಂಡು, ದಾರಿಯಲ್ಲಿ ಸಿಗುವ ಸೊರಟೂರಿನವರೆಗೆ ನಿಂತೇ ಬಂದು ಇಳಿದು ಹೋದಳು. ನಾನು ಕಿಟಕಿಯ ಗಾಳಿಗೆ ಸಣ್ಣ ನಿದ್ದೆ ತೆಗೆದೆ.

ಗದಗಿನ ಬಸ್ ನಿಲ್ದಾಣದಲ್ಲಿ ಪೊಲೀಸರು ಚೀಲ ತಪಾಸಣೆ ಮಾಡುತ್ತಿದ್ದರು. ಕೆಲವರು ನೋವಿನ ಗುಳಿಗೆಗಳನ್ನು ನಶೆಗೆಂದು ಮಾರುತ್ತಾರೆಂದು ಖಬರು ಬಂದಿತ್ತಂತೆ. ಕಾಯ್ದೆ ಬಲ್ಲ ನಾನು ಎಲ್ಲರಿಗಿಂತ ಮುಂದೆ ಹೋಗಿ, ಮೊದಲು ನನ್ನದು ನೋಡಿರಿ ಎಂದು ಚೀಲ ಚಾಚಿದೆ. ನೋಡಿದರು. ರೊಟ್ಟಿ ಇರಲಿಲ್ಲ. ಒಂದು ಗಂಟು ಜೋಳದ ಹಿಟ್ಟು, ಅದರ ಕೆಳಗೆ ಆರು ಪಟ್ಟಿ ಗುಳಿಗೆ ಇದ್ದವು.

ಪಿಎಸ್ಐ ಸಾಹೇಬರು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಡಾಕ್ಟರ ಚೀಟಿ ಕೇಳಿದರು. ಇಂಥ ಗುಳಿಗೆ ಚೀಟಿ ಇಲ್ಲದೆ ಕೈಯಲ್ಲಿದ್ದರೆ ಕೇಸಾಗುತ್ತದೆ ಎಂದರು. ಚೀಲವೇ ನನ್ನದಲ್ಲ ಎಂದೆ. ಆಗ ಕಂಡಕ್ಟರ್ ಯಾವ ದುರುದ್ದೇಶವೂ ಇಲ್ಲದೆ, ಬಹಳ ಸಂಕೋಚದಿಂದ, ನನ್ನ ಹಾಳೆಯನ್ನು ಮುಂದೆ ಮಾಡಿದ.

ಸಾಹೇಬರು ಅದನ್ನು ಎರಡು ಸಲ ಓದಿದರು. "ಯಜಮಾನ್ರ, ಸಮಸ್ತ ವಸ್ತುಗಳು ಅಂತ ನೀವ ಬರದೀರಿ. ಒತ್ತಾಯ ಇಲ್ಲ ಅಂತನೂ ಬರದೀರಿ. ಇನ್ನ ನಾ ಏನ್ ತನಿಖಿ ಮಾಡ್ಲಿ?"

ಮೂವತ್ತು ವರ್ಷದಲ್ಲಿ ಇಷ್ಟು ಭದ್ರವಾದ ಪತ್ರವನ್ನು ನಾನು ಯಾವ ಪಕ್ಷಗಾರನಿಗೂ ಬರೆದುಕೊಟ್ಟಿರಲಿಲ್ಲ.

ನಿಲ್ದಾಣದ ಚೌಕಿಯಲ್ಲಿ ಕೂಡಿಸಿದರು. ಕೂತೆ, ಎದ್ದೆ, ನೀರು ಕುಡಿದೆ, ಮತ್ತೆ ಎದ್ದೆ. ಹವಾಲ್ದಾರರು ಮೂರು ಸಲ ಕುಂಡ್ರಿ ಅಂದರು. ಶಿರಹಟ್ಟಿಯಲ್ಲಿ ನನ್ನ ಟೇಬಲ್ಲಿಗೆ ಪಕ್ಕದ ಟೇಬಲ್ಲಿನವನು ಆಗಲೇ ಕೈ ಚಾಚಿದಂತೆ ಕಣ್ಣಿಗೆ ಕಟ್ಟಿತು. ಸಾಕ್ಷಿಗೆಂದು ಶಾಂತಾಗೆ ಫೋನ್ ಹಚ್ಚಿಸಿದೆ. ಸ್ಪೀಕರಿನಲ್ಲಿ ಆಕೆ ಸ್ಪಷ್ಟವಾಗಿ ಹೇಳಿದಳು: "ನಾ ಕಟ್ಟಿದ್ದು ರೊಟ್ಟಿರಿ ಸಾಹೇಬ್ರ. ಬ್ಯಾರೆ ಏನರ ಸಿಕ್ಕಿದ್ರ ಅವರನ್ನ ಕೇಳ್ರಿ. ನನಗ ಅವರು ಏನೂ ಹೇಳಂಗಿಲ್ಲ."

ಮದುವೆಯಾದಾಗಿನಿಂದ ಆಕೆ ಪೂರ್ತಿ ಸತ್ಯ ಹೇಳಿದ್ದು ಆವತ್ತೇ.

ಸಾಹೇಬರು ಪಟ್ಟಿಗಳನ್ನು ಮೇಜಿನ ಮೇಲಿಡುತ್ತ, ಇವು ಕ್ಯಾನ್ಸರಿನ ನೋವಿಗೆ ಕೊಡುವ ಗುಳಿಗೆ, ಯಾರೋ ಇವುಗಳ ದಾರಿ ನೋಡುತ್ತ ಮಲಗಿರಬೇಕು ಎಂದರು. ಆಗ ನನಗೆ ಬಸ್ಸಿನಲ್ಲಿ ತುಂಡರಿಸಿದ ಆ ಮಾತಿನ ಉಳಿದರ್ಧ ತಿಳಿಯಿತು. ಕೇಸಿನ ಭಯ ಹಿಂದೆ ಸರಿಯಿತು. ಸೊರಟೂರಿಗೆ ಯಾರನ್ನಾದರೂ ಕಳಿಸಿರಿ ಎಂದು ಗೋಗರೆದೆ. ಆಕೆಯ ಹೆಸರೇನು ಎಂದು ಕೇಳಿದರು. ಹೆಸರು ಕೇಳುವಷ್ಟು ಪುರುಸೊತ್ತು ನನಗೆಲ್ಲಿತ್ತು?

ಪುಣ್ಯಕ್ಕೆ ಆಕೆಯೇ ಬಂದಳು. ಮನೆಯಲ್ಲಿ ಚೀಲ ಬಿಚ್ಚಿ, ರೊಟ್ಟಿ ನೋಡಿ, ಮುಂದಿನ ಬಸ್ಸು ಹತ್ತಿ, ನಿಲ್ದಾಣದಲ್ಲಿ ವಿಚಾರಿಸಿಕೊಂಡು ಚೌಕಿಗೆ ಓಡಿ ಬಂದಿದ್ದಳು. ಸೆರಗಿನ ಗಂಟಿನಿಂದ ಡಾಕ್ಟರ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಎಲ್ಲ ತಾಳೆಯಾಯಿತು. ಆಕೆಯ ಒಂದು ಹೇಳಿಕೆ ಬರೆದುಕೊಂಡರೆ ಮುಗಿಯಿತು ಎಂದರು ಸಾಹೇಬರು. ಬರೆಯುವವರು ಊಟಕ್ಕೆ ಹೋಗಿದ್ದರು. ನೀವೇ ಬರೆಯುವವರಲ್ಲವೇ, ಬರೆಯಿರಿ ಎಂದು ನನ್ನ ಕೈಗೇ ಪೆನ್ನು ಕೊಟ್ಟರು. ಸೊರಟೂರಿನ ಬಸ್ಸು ಹೊರಗೆ ಹಾರ್ನ್ ಹೊಡೆಯುತ್ತಿತ್ತು.

ಪ್ರಾಯಶ್ಚಿತ್ತಕ್ಕೆ ಇದೇ ಅವಕಾಶ ಎಂದು ಮನಸ್ಸಿಟ್ಟು ಬರೆದೆ. ಆಕೆಯ ತಂದೆಯ ಹೆಸರು, ಉದ್ಯೋಗ, ಫೋನ್ ನಂಬರು, ಸದರಿ ಚೀಲದ ಬಣ್ಣ, ಉದ್ದ, ಅಗಲ, ಚತುಃಸೀಮೆ. ಎರಡನೇ ಪುಟದ ನಡುವೆ ತಲೆ ಎತ್ತಿದಾಗ ಹಾರ್ನ್ ಕೇಳುತ್ತಿರಲಿಲ್ಲ. ಬಸ್ಸು ಹೋಗಿತ್ತು.

"ನಾಕ ಸಾಲು ಸಾಕಿತ್ರಿ ಅಣ್ಣಾರ," ಎಂದಳು ಆಕೆ. "ಅವ್ವಗ ಹನ್ನೆರಡಕ್ಕ ಗುಳಿಗಿ ಕೊಡಬೇಕಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಗಡಿಯಾರದಲ್ಲಿ ಒಂದೂವರೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ಹವಾಲ್ದಾರರ ಮೋಟರ್ ಸೈಕಲ್ಲಿನ ಮೇಲೆ ಗುಳಿಗೆಯ ಚೀಲದ ಸಮೇತ ಆಕೆಯನ್ನು ಕಳಿಸಿದರು. ಆಮೇಲೆ ನನ್ನ ಎರಡು ಪುಟ ಹರಿದು ಹಾಕಿ, ಹೊಸ ಹಾಳೆಯ ಮೇಲೆ ತಾವೇ ಎರಡು ಸಾಲು ಬರೆದು, ಹೋಗಿರಿ ಎಂದರು. ರೊಟ್ಟಿಯ ಚೀಲ ಆಕೆಯ ಮನೆಯಲ್ಲೇ ಉಳಿದಿತ್ತು. ಬೆಟಗೇರಿಗೆ ಬರಿಗೈಲಿ ಯಾವ ಮುಖದಿಂದ ಹೋಗಲಿ? ಊರಿಗೇ ತಿರುಗಿದೆ.

ಹೇಳಿಕೆಯಲ್ಲಿ ನಂಬರು ಬರೆದಿದ್ದೆನಲ್ಲ, ಅದು ನೆನಪಿತ್ತು. ಸಂಜೆ ಶಾಂತಾ ಎದುರಿಗೆ ಕುಳಿತು, ಸ್ಪೀಕರ್ ಹಾಕಿಸಿ ಫೋನ್ ಮಾಡಿಸಿದಳು. ನಾನು ಕ್ಷಮೆಯ ಪೀಠಿಕೆ ಶುರು ಮಾಡುವ ಮೊದಲೇ ಆ ಕಡೆಯಿಂದ ಆಕೆ, ಮೆಲ್ಲಗೆ ಮಾತಾಡಿರಿ ಎಂದಳು. ಗುಳಿಗೆ ತಗೊಂಡು ಅವ್ವ ಮಲಗಿದ್ದಳಂತೆ. ಇಷ್ಟೊತ್ತು ಯಾಕಾತು ಎಂದು ಕೇಳಿದ್ದಳಂತೆ.

"ನಾ ಎಲ್ಲಾ ಹೇಳಿದೆ. ನೀವು ಬಸ್ಸಿನ್ಯಾಗ ಬರದದ್ದು, ಠಾಣೆದಾಗ ಬರದದ್ದು. ಹೊಟ್ಟಿ ಹಿಡ್ಕೊಂಡು ನಕ್ಕಳ್ರಿ ಅಣ್ಣಾರ. ಅಕಿ ನಕ್ಕು ಮೂರು ತಿಂಗಳಾಗಿತ್ತು."

ಶಾಂತಾ ಕಣ್ಣೊರೆಸಿಕೊಂಡಳು. ನನ್ನ ಬರವಣಿಗೆಯಿಂದ ಒಬ್ಬರಿಗಾದರೂ ಆರಾಮವಾಯಿತು ಎಂದು ನಾನೂ ಹಿಗ್ಗಿ, ಆ ಎರಡು ಪುಟವನ್ನು ಮತ್ತೆ ಬರೆದು ಕಳಿಸಲೇ ಎಂದು ಕೇಳಿದೆ.

ಬ್ಯಾಡ್ರಿ ಎಂದಳು ಫೋನಿನಲ್ಲಿ ಆಕೆ. ನಕ್ಕರೆ ಅವ್ವನಿಗೆ ಹೊಟ್ಟೆ ನೋಯುತ್ತದಂತೆ.