ಕೊಸರು ಕೇಳಿದ ಯಂತ್ರ

ಬೆಟಗೇರಿಯ ನಮ್ಮ ನೇಕಾರ ಓಣಿಯಲ್ಲಿ ನೂಲಿನ ಬಣ್ಣ ಕುದಿಯುವ ಹಂಡೆಗಳಿಂದ ಒಂದು ವಾಸನೆ ಏಳುತ್ತಿತ್ತು. ಹುಳಿ ಮಜ್ಜಿಗೆಯಲ್ಲಿ ತುಕ್ಕು ಹಿಡಿದ ಮೊಳೆ ಹಾಕಿ ಕಾಯಿಸಿದರೆ ಹೇಗೋ ಹಾಗೆ. ಅದನ್ನು ಮೂಸುತ್ತ ಬೆಳೆದ ನಾನು ಬಿ.ಎಸ್ಸಿ. ಮುಗಿಸಿ, ಊರಾಚೆಯ ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದೆ. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ, ಪಕ್ಕದ ಮನೆಯ ಗುರುಪಾದಪ್ಪ ಆ ಸೋಮವಾರ ಕರೆಯಲು ಬಂದ.

"ಅಕ್ಕಾರ, ಇವತ್ತ ನನ್ನ ಯಂತ್ರಾ ಓಡಸ್ತೀನ್ರಿ. ಮೂಗು ಚಲೋ ಇದ್ದೋರು ಒಬ್ಬರರ ಜೋಡಿ ಇರಬೇಕು."

ಗುರುಪಾದಪ್ಪ ಕಾರ್ಖಾನೆಯ ಕೊಳೆನೀರು ವಿಭಾಗದ ಮುಖ್ಯಸ್ಥ. ಹಿಂದೆ ಅವನು ಮಾಡಿದ ರೊಟ್ಟಿ ಬಡಿಯುವ ಯಂತ್ರ ನಮ್ಮಿಬ್ಬರ ಮನೆ ನಡುವಿನ ಗೋಡೆಯನ್ನೂ ಬಡಿದು ತೆಳ್ಳಗೆ ಮಾಡಿತ್ತು. ಆದರೆ ಈ ಸಲ ಆಟವಲ್ಲ. ಕಾರ್ಖಾನೆಯ ಕೊಳೆನೀರು ಹರಿದ ಹಳ್ಳದಲ್ಲಿ ಮಿಂದ ಎಮ್ಮೆಗಳು ನೀಲಿಯಾಗಿ ಮನೆಗೆ ಹೋಗಿದ್ದವು. ಮಧ್ಯಾಹ್ನ ಒಂದು ಗಂಟೆಗೆ ಪರಿಸರ ಅಧಿಕಾರಿ ಶ್ರೀಕಂಠಯ್ಯ ಬರುವವರಿದ್ದರು. ನೀರು ತಿಳಿಯಾಗದಿದ್ದರೆ ಕಾರ್ಖಾನೆಗೆ ಬೀಗ, ಅರವತ್ತು ಜನ ಮನೆಗೆ. ಅವರಲ್ಲಿ ಒಬ್ಬಳು ಇಪ್ಪತ್ತೆರಡು ವರ್ಷದಿಂದ ನೇಕಾರರಿಗೆ ಬಣ್ಣ ತೂಗಿ ಕೊಡುವ ಕಸ್ತೂರೆವ್ವ. ನಾನು ಕಾರ್ಖಾನೆಗೆ ಬಂದದ್ದೇ ತಡ, ಅವಳು ತನ್ನ ಸ್ಟೂಲು ನನಗೆ ಸರಿಸಿ ತಾನು ನಿಂತಳು.

ಶ್ರೀಕಂಠಯ್ಯ ಹೊತ್ತಿಗೆ ಸರಿಯಾಗಿ ಬಂದರು. ಮೀಸೆ ಇದ್ದಿಲಿನಷ್ಟು ಕಪ್ಪು, ಕೈಯಲ್ಲಿ ಕಡತ.

"ಬೀಗದ ಆದೇಶ ಟೈಪ್ ಮಾಡಿಸಿಕೊಂಡೇ ಬಂದಿದ್ದೀನಿ. ಬೇಗ ತೋರಿಸಿ," ಎಂದರು.

ಗುರುಪಾದಪ್ಪ ಎದೆ ಉಬ್ಬಿಸಿದ. "ಸಾಹೇಬ್ರ, ಈ ಕಹಳಿ ನೀರಾಗಿನ ಬಣ್ಣಾ ಎಳದು, ಪುಡಿ ಮಾಡಿ, ಕೆಳಗಿನ ಚೀಲಕ್ಕ ಹಾಕ್ತೈತ್ರಿ. ಕಸಾ ಅನ್ನೂದ ಇಲ್ಲ. ಆ ಬಣ್ಣಾನ ಮತ್ತ ಮಾರೂದು."

ಹಸಿರು ಗುಂಡಿ ಒತ್ತಿದ. ಹಿತ್ತಾಳೆಯ ಕಹಳೆ ತೊಟ್ಟಿಯತ್ತ ಬಾಗಿ ಗುಂಯ್ ಎಂದಿತು. ಹತ್ತೇ ನಿಮಿಷದಲ್ಲಿ ಚೀಲದಲ್ಲಿ ಎಂಟು ಕಿಲೋ ನೀಲಿ ಪುಡಿ! ತೊಟ್ಟಿಯ ತಳದಲ್ಲಿ ಯಾವಾಗಲೋ ಬಿದ್ದಿದ್ದ ಚಮಚವೂ ಕಾಣಿಸಿತು. ಶ್ರೀಕಂಠಯ್ಯ ಒಂದು ಗಾಜಿನ ಲೋಟ ನೀರು ಬಿಸಿಲಿಗೆ ಹಿಡಿದು, "ಪರವಾಗಿಲ್ಲ ಕಣ್ರೀ," ಎಂದರು.

ಆದರೆ ಯಂತ್ರ ನಿಲ್ಲಲಿಲ್ಲ. ಕಹಳೆ ಮೆಲ್ಲಗೆ ಗುರುಪಾದಪ್ಪನತ್ತ ತಿರುಗಿತು. ಅವನ ನೀಲಿ ಅಂಗಿ ಬೆಳ್ಳಗಾಯಿತು.

"ಎಂಟು ಕಿಲೋ ಆತಲ್ಲ, ಇನ್ನೇನ ಬೇಕಾಗೈತಿ ಇದಕ್ಕ?"

ಕಸ್ತೂರೆವ್ವ ತಗ್ಗಿದ ದನಿಯಲ್ಲಿ ಹೇಳಿದಳು: "ಸರ, ಅದು ಕೊಸರು ಕೇಳಾಕತ್ತೈತ್ರಿ."

"ಏನ ಕೊಸರು?"

"ತೂಗಿ ಆದಮ್ಯಾಲ ಒಂದ ಚಿಟಿಕಿ ಮ್ಯಾಲ ಹಾಕ್ತೀನಲ್ರಿ, ಅದ. ಎರಡ ತಿಂಗಳು ನನ್ನ ನೋಡೇ ಅದು ತೂಗೂದು ಕಲತದ್ದು."

"ಕೊಸರು ಕಲಸಂತ ನಾ ಹೇಳಿದ್ನೇನ?"

"ಕೊಸರಿಲ್ಲದ ಅದ್ಯಾವ ತೂಕರಿ?"

ತೊಟ್ಟಿಯಲ್ಲಿ ಬಣ್ಣ ಮುಗಿದಿದ್ದರಿಂದ ಯಂತ್ರ ಕಂಡಕಂಡಲ್ಲಿ ಕೊಸರು ಹುಡುಕುತ್ತಿತ್ತು. ಕೊಸರು ಬಿದ್ದೊಡನೆ ಚೀಲದ ತೂಕ ಹೆಚ್ಚುತ್ತಿತ್ತು. ಹೆಚ್ಚಿದ ತೂಕಕ್ಕೆ ಮತ್ತೆ ಕೊಸರು! ಕಸ್ತೂರೆವ್ವನ ಸೀರೆಯ ಕೆಂಪು ಹೋಯಿತು. ಗೋಡೆಯ ಮೇಲಿನ 'ಎಚ್ಚರಿಕೆ' ಹೋಯಿತು. ಬೇಲಿಯಾಚೆ ನಿಂತಿದ್ದ ಎಮ್ಮೆಯೊಂದರ ನೀಲಿ ಹೋಯಿತು, ಆಮೇಲೆ ಕಪ್ಪೂ ಹೋಯಿತು. ಅದು ತನ್ನ ಮೈಯನ್ನೊಮ್ಮೆ ನೋಡಿಕೊಂಡು, ಸುಮ್ಮನೆ ಹಸುಗಳ ಗುಂಪಿಗೆ ಹೋಗಿ ನಿಂತಿತು.

"ಆಫ್ ಮಾಡ್ರೀ!" ಎಂದರು ಶ್ರೀಕಂಠಯ್ಯ.

"ಕೆಂಪ ಗುಂಡಿ ಒತ್ತಬೇಕ್ರಿ ಸಾಹೇಬ್ರ. ಈಗ ಎರಡೂ ಬೆಳ್ಳಗ ಅದಾವ."

ಗುರುಪಾದಪ್ಪ ಅಂದಾಜಿನ ಮೇಲೆ ಒಂದನ್ನು ಒತ್ತಿದ. ಯಂತ್ರ ಎರಡು ಪಟ್ಟು ಜೋರಾಯಿತು. ಶ್ರೀಕಂಠಯ್ಯನವರ ಮೀಸೆ ನೋಡನೋಡುತ್ತ ಹತ್ತಿಯಂತಾಯಿತು. ಅವರು ಕೆರಳಿ, ಬೀಗದ ಆದೇಶವನ್ನು ಕಡತದಿಂದ ಎಳೆದರು. ಬಿಳಿ ಹಾಳೆ. ಮೊಹರೂ ಇಲ್ಲ, ಸಹಿಯೂ ಇಲ್ಲ. ಮತ್ತೆ ಬರೆಯಲು ಪೆನ್ನು ತೆಗೆದರು. ಅದು ಕಾಗದ ಗೀರಿತೇ ಹೊರತು ಬರೆಯಲಿಲ್ಲ.

ಅಷ್ಟರಲ್ಲಿ ಕಸ್ತೂರೆವ್ವ ಯಂತ್ರದ ಕೆಳಗೆ ಬಗ್ಗಿ, ಎರಡೂ ಕೈಯಿಂದ ಚೀಲದ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಳು. ಯಂತ್ರ ಒಂದು ಗಳಿಗೆ ಕಾದು ನೋಡಿತು. ಆಮೇಲೆ ಕಹಳೆ ತಗ್ಗಿಸಿ ನಿಂತಿತು.

"ಕೊಸರು ಸಾಕಂದ್ರ ನೇಕಾರರು ಹಿಂಗ ಚೀಲದ ಬಾಯಿ ಹಿಡೀತಾರ್ರಿ," ಎಂದಳು.

ಗುರುಪಾದಪ್ಪ ಮುಂದೆ ಬಂದ. "ಸಾಹೇಬ್ರ, ತಪ್ಪು ನಂದು. ನನ್ನೊಬ್ಬನ್ನ ಮನೀಗೆ ಕಳಸ್ರಿ. ಉಳದೋರು ಇರಲಿ."

ಶ್ರೀಕಂಠಯ್ಯ ಲೋಟವನ್ನು ನನ್ನತ್ತ ಚಾಚಿದರು. ನಾನು ಮೂಸಿದೆ. ಹುಳಿಯಿಲ್ಲ, ತುಕ್ಕಿಲ್ಲ, ಏನೂ ಇಲ್ಲ. ಹಾಗೆಯೇ ಹೇಳಿದೆ. ನನ್ನ ಚೀಲದಲ್ಲಿ ಸದಾ ಇರುವ ಪೆನ್ಸಿಲನ್ನೂ ಕೊಟ್ಟೆ; ಅದರ ಕಪ್ಪು ಯಂತ್ರ ಎಳೆಯುವ ಬಣ್ಣವಲ್ಲ, ಇಂಗಾಲ. ಅವರು ಪೆನ್ಸಿಲ್ ಹಿಡಿದು, ಇನ್ನೂ ಚೀಲದ ಬಾಯಿ ಬಿಡದೆ ಕುಕ್ಕರಗಾಲಲ್ಲಿ ಕೂತಿದ್ದ ಕಸ್ತೂರೆವ್ವನನ್ನು ನೋಡಿದರು. ಆಮೇಲೆ ಬರೆದರು:

'ನೀರು ಶುದ್ಧ. ಕಾರ್ಖಾನೆ ನಡೆಯಬಹುದು. ಯಂತ್ರ ಓಡುವಾಗ ಚೀಲದ ಬಳಿ ಕಸ್ತೂರೆವ್ವ ಕಡ್ಡಾಯವಾಗಿ ಇರತಕ್ಕದ್ದು.'

ಮಧ್ಯಾಹ್ನ ಎರಡಾಗಿತ್ತು. ಶ್ರೀಕಂಠಯ್ಯ ಇನ್ನೂ ಏನೂ ತಿಂದಿರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಕಸ್ತೂರೆವ್ವನಿಗೆ ಮೊದಲೇ ಹೊಳೆದಿತ್ತು. ಆದರೆ ಸಹಿ ಮುಗಿಯುವವರೆಗೆ ಅವಳು ಕಾದಳು. ಊಟ ಮೊದಲೇ ಕೊಟ್ಟರೆ ಅದಕ್ಕೆ ಲಂಚದ ಅರ್ಥ ಬಂದೀತು ಎಂದು. ಅವರು ಪೆನ್ಸಿಲ್ ಕೆಳಗಿಟ್ಟ ಮೇಲೆ, ತನ್ನ ಬುತ್ತಿ ಬಿಚ್ಚಿ ಅವರ ಕೈಗೆ ಕೊಟ್ಟಳು. ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ. ಎಣ್ಣೆಗಾಯಿ ಸುಣ್ಣದಷ್ಟು ಬೆಳ್ಳಗಿತ್ತು.

ಸಪ್ಪೆಯೆಂದುಕೊಂಡು ಶ್ರೀಕಂಠಯ್ಯ ದೊಡ್ಡ ತುತ್ತನ್ನೇ ತೆಗೆದುಕೊಂಡರು. ಯಂತ್ರ ಖಾರವನ್ನು ಮುಟ್ಟಿರಲಿಲ್ಲ.