ಕೆಂಪು ಬಾವುಟ ಒತ್ತಿದವರು

ದೂರು ಕೊಡುವ ದಾರಿಯನ್ನು ಸುಗಮಗೊಳಿಸಿದರೆ ದೂರುಗಳು ಕ್ರಮವಾಗಿ ಬರುತ್ತವೆ ಎಂದು ನಂಬುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರಿಗೆಲ್ಲ ಕೊನೆಗೆ ಆಗುವುದೂ ನನಗಾದದ್ದೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ರೈತರು ಇಂಟರ್ನೆಟ್ಟಿನಲ್ಲಿ ಒಂದು ಚರ್ಚಾ ವೇದಿಕೆ ನಡೆಸುತ್ತಾರೆ. ಹೊಗೆಸೊಪ್ಪಿನ ಸಸಿ ಯಾರಲ್ಲಿ ಮಿಕ್ಕಿದೆ, ಶುಂಠಿ ಕೊಳೆತರೆ ಏನು ಮಾಡಬೇಕು, ಹಸು ಮೇವು ಬಿಟ್ಟರೆ ಯಾರನ್ನು ಕರೆಯಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ನಾನು ಹುಣಸೂರಿನ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಕಲಿತವಳಾದ್ದರಿಂದ, ಸಾಲು ನೇರವಿಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ. ಈ ಗುಣವನ್ನು ನೋಡಿಯೇ ರೈತರು ನನ್ನನ್ನು ವೇದಿಕೆಯ ನಿರ್ವಾಹಕಿಯನ್ನಾಗಿ ಮಾಡಿದರು. ನಾನು ಏಳು ನಿಯಮಗಳನ್ನು ಬರೆದೆ. ಅವರು ಏಳನ್ನೂ ಮುರಿದರು.

ಮೊದಲು ದೂರುಗಳು ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಾನು ಬಾಯಿ ತೆರೆದು ಕುಳಿತಿದ್ದಾಗಲೂ ಬರುತ್ತಿದ್ದವು. ಆಗ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ನಡೆಸುವ ಹೆಂಗಸೊಬ್ಬಳು, ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಸಣ್ಣ ಸಾಧನವನ್ನು ತೋರಿಸಿದಳು. ಅದನ್ನು ಹಾಕಿಕೊಂಡವರಿಗೆ ಪ್ರತಿ ಪೋಸ್ಟಿನ ಪಕ್ಕದಲ್ಲೂ ಒಂದು ಕೆಂಪು ಬಾವುಟ ಕಾಣುತ್ತದೆ. ಅದನ್ನು ಒತ್ತಿ, ಮುರಿದ ನಿಯಮ ಯಾವುದೆಂದು ಗುರುತು ಹಾಕಿದರೆ ಸಾಕು. ದೂರು ತಾನಾಗಿಯೇ ಸಿದ್ಧವಾಗಿ ನನಗೆ ತಲುಪುತ್ತದೆ. ನಾಲ್ಕೂ ತಾಲ್ಲೂಕುಗಳಲ್ಲಿ ಎಲ್ಲರೂ ಹಾಕಿಸಿಕೊಂಡರು.

ಒಂದು ಷರತ್ತು ಮಾತ್ರ ಇತ್ತು. ವೇದಿಕೆಗೆ ಜಾಗ ಕೊಟ್ಟಿರುವ ಕಂಪನಿಯವರ ಕಟ್ಟಳೆಯ ಪ್ರಕಾರ, ದಿನವೂ ಮಧ್ಯಾಹ್ನದ ಎಣಿಕೆಯಲ್ಲಿ ತೀರ್ಮಾನವಾಗದ ದೂರುಗಳು ಐವತ್ತು ಮುಟ್ಟಿದ್ದರೆ ವೇದಿಕೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಬಾಕಿ ಇಳಿದರೆ ಮಾತ್ರ ತೆರೆದುಕೊಳ್ಳುತ್ತದೆ. ಹಾಗೆ ಮುಚ್ಚುವುದು ಸಣ್ಣ ಮಾತಾಗಿರಲಿಲ್ಲ. ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಆದಿವಾಸಿ ಹಾಡಿಯೊಂದರ ಹೆಣ್ಣುಮಗಳು ದಿನವೂ ಸಂಜೆ ನಾಲ್ಕಕ್ಕೆ, ಆನೆಗಳು ಯಾವ ಕಡೆ ಇಳಿದಿವೆ ಎಂದು ಅಲ್ಲಿ ಬರೆಯುತ್ತಾಳೆ. ಅದನ್ನು ಓದದೆ ಕಾಡಂಚಿನ ಊರುಗಳಲ್ಲಿ ಯಾರೂ ಜಮೀನಿನ ಕಡೆ ಹೆಜ್ಜೆ ಇಡುವುದಿಲ್ಲ. ಉಳಿದದ್ದು ನಿಂತರೂ ನಡೆದೀತು. ಆ ನಾಲ್ಕು ಸಾಲು ನಿಲ್ಲುವಂತಿರಲಿಲ್ಲ.

ಎರಡೂ ಕಡೆಯವರನ್ನು ಕೇಳದೆ ತೀರ್ಪು ಕೊಡುವುದು ನನ್ನ ಕ್ರಮವಲ್ಲ. ಆದ್ದರಿಂದ ಪ್ರತಿಯೊಂದು ದೂರಿಗೂ ಫೋನು ಮಾಡಿ ವಿಚಾರಿಸತೊಡಗಿದೆ. ತಪ್ಪು ಆರಂಭವಾದದ್ದು ಅಲ್ಲಿಯೇ.

ಎಲ್ಲಾ ಕಾಲಂ

ಮೊದಲ ದೂರು ಹಾರನಹಳ್ಳಿಯ ರೈತರೊಬ್ಬರದು. ಯಾರೋ ತಮ್ಮ ಎಮ್ಮೆಯ ಫೋಟೊ ಹಾಕಿದ್ದರು, ಅಷ್ಟೇ. ಇವರು ಅದರ ಮೇಲೆ ಏಳು ನಿಯಮಗಳನ್ನೂ ಗುರುತು ಮಾಡಿ ಕಳಿಸಿದ್ದರು.

ಫೋನು ಮಾಡಿ ಕೇಳಿದೆ: "ಎರಡನೆಯ ನಿಯಮ ಬೈಗುಳದ್ದು. ಎಮ್ಮೆಯ ಚಿತ್ರದಲ್ಲಿ ಬೈಗುಳ ಎಲ್ಲಿದೆ?"

"ಇಲ್ಲ ಮೇಡಂ."

"ಐದನೆಯದು ಸುಳ್ಳು ಸುದ್ದಿ. ಅದು ಎಮ್ಮೆಯಲ್ಲವೇ?"

"ಎಮ್ಮೆನೇ ಮೇಡಂ. ಮೂರನೇ ಸೂಲು."

"ಮತ್ತೆ ಏಳಕ್ಕೂ ಏಕೆ ಗುರುತು ಹಾಕಿದಿರಿ?"

ಅವರಿಗೆ ನನ್ನ ಅಜ್ಞಾನ ಕಂಡು ಮರುಕವಾಯಿತು. "ಮೇಡಂ, ಅರ್ಜಿ ಅಂದ್ಮೇಲೆ ಎಲ್ಲಾ ಕಾಲಂ ತುಂಬ್ಬೇಕು. ಒಂದು ಖಾಲಿ ಬುಟ್ರೂ ತಾಲ್ಲೂಕಾಫೀಸಲ್ಲಿ ವಾಪಸ್ ಎಸಿತಾರೆ. ನಂಗೆ ಮೂರು ಸಲ ಆಗೈತೆ."

ಕೊನೆಯಲ್ಲಿ 'ಇತರೆ ವಿವರ' ಎಂಬ ಜಾಗವೂ ಇತ್ತು. ಅದನ್ನೂ ಅವರು ಖಾಲಿ ಬಿಟ್ಟಿರಲಿಲ್ಲ. ಅಲ್ಲಿ ಬರೆದಿತ್ತು: 'ಎಮ್ಮೆ ಒಳ್ಳೆಯದು.'

ಸದಸ್ಯನಲ್ಲದ ಆನೆ

ಎರಡನೆಯ ವಾರ ಒಂದೇ ಪೋಸ್ಟಿನ ಮೇಲೆ ಹನಗೋಡಿನ ಕಡೆಯಿಂದ ಹನ್ನೊಂದು ದೂರುಗಳು ಒಟ್ಟಿಗೆ ಬಂದವು. ತೆರೆದು ನೋಡಿ ಗಾಬರಿಯಾದೆ. ದೂರಿದ್ದದ್ದು ಹಾಡಿಯ ಹೆಣ್ಣುಮಗಳ ಆನೆ ಸುದ್ದಿಯ ಮೇಲೆ. 'ಒಂಟಿ ಸಲಗ ಹೊಳೆ ದಾಟೈತೆ, ಬಾಳೆ ತೋಟದ ಕಡೆ ಹೋಗ್ಬೇಡಿ' ಎಂದು ಅವಳು ಬರೆದಿದ್ದಳು. ಅದರಲ್ಲಿ ತಪ್ಪು ಹುಡುಕುವುದು ನನಗೂ ಸಾಧ್ಯವಾಗಲಿಲ್ಲ.

ಹನ್ನೊಂದರಲ್ಲಿ ಮೊದಲನೆಯವರಿಗೆ ಫೋನು ಮಾಡಿದೆ. "ನಿಮಗೆ ಉಪಕಾರ ಮಾಡುವವಳ ಮೇಲೆಯೇ ದೂರು ಕೊಡುತ್ತೀರಾ?"

"ಅಯ್ಯೋ, ಆ ತಾಯಿ ಮೇಲೆ ಯಾಕ್ ಕೊಡಾನ ಮೇಡಂ? ಅವಳಿಂದ ನಾವು ಬದುಕಿದ್ದೀವಿ. ನಾವು ಕೊಟ್ಟಿರೋದು ಆನೆ ಮೇಲೆ."

"ಆನೆಯ ಮೇಲೆ?"

"ಊಂ ಮೇಡಂ. ಎರಡು ಸಾಲು ಬಾಳೆ ಮಲಗಿಸ್ಬುಡ್ತು. ಫಾರೆಸ್ಟ್‌ನೋರ್ಗೂ ಅರ್ಜಿ ಕೊಟ್ಟಾಯ್ತು, ಪಂಚಾಯ್ತಿಗೂ ಕೊಟ್ಟಾಯ್ತು. ನಿಮ್ಮದೊಂದು ಬಾಕಿ ಇತ್ತು."

ನಾನು ತಾಳ್ಮೆಯಿಂದ ವಿವರಿಸಿದೆ. ಈ ವೇದಿಕೆಯ ನಿಯಮಗಳು ಸದಸ್ಯರಿಗೆ ಮಾತ್ರ ಅನ್ವಯಿಸುತ್ತವೆ, ಆನೆ ಸದಸ್ಯನಲ್ಲ.

ಆ ಕಡೆ ಯಾರೊಂದಿಗೋ ಸಮಾಲೋಚನೆ ನಡೆಯಿತು. ಆಮೇಲೆ ಅವರು ಗಂಭೀರವಾಗಿ ಕೇಳಿದರು:

"ಸದಸ್ಯ ಅಲ್ದೇ ಇರೋನು ಒಳಗೆ ಬಂದ್ರೆ ಇನ್ನೂ ದೊಡ್ಡ ತಪ್ಪಲ್ವಾ ಮೇಡಂ?"

ಒಂದೇ ಕನ್ನಡಕ

ಕೆ.ಆರ್. ನಗರದ ಕಡೆ ಅಕ್ಕಪಕ್ಕದ ಗದ್ದೆಯ ಭಾವಮೈದುನರಿಬ್ಬರು ಇದ್ದರು. ನಾಲೆಯ ನೀರಿನ ಸರದಿಯ ವಿಷಯದಲ್ಲಿ ವೇದಿಕೆಯ ಮೇಲೆ ಪರಸ್ಪರ ಬೈದುಕೊಳ್ಳುತ್ತಿದ್ದರು, ಪರಸ್ಪರ ದೂರು ಕೊಡುತ್ತಿದ್ದರು. ದೂರುಗಳು ಎಷ್ಟು ಬೇಗ ಬೆಳೆದವೆಂದರೆ, ಬಾಕಿಯ ಲೆಕ್ಕ ಮೂವತ್ತು ದಾಟಿತು. ಇದು ಫೋನಿನಲ್ಲಿ ಮುಗಿಯುವ ವ್ಯಾಜ್ಯವಲ್ಲವೆಂದು ನಾನೇ ಬಸ್ಸು ಹತ್ತಿ ಹೋದೆ. ಇಬ್ಬರೂ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿದ್ದಾರೆಂದು ತಿಳಿಯಿತು. ಹೊಡೆದಾಟವನ್ನು ನಿರೀಕ್ಷಿಸಿ ಬಾಗಿಲಲ್ಲಿ ನಿಂತೆ.

ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ, ಒಂದೇ ಬೆಂಚಿನಲ್ಲಿ ಕುಳಿತಿದ್ದರು. ಇಬ್ಬರ ನಡುವೆ ಇದ್ದದ್ದು ಒಂದೇ ಕನ್ನಡಕ. ಅದು ಹಿರಿಯನ ಮೂಗಿನ ಮೇಲಿತ್ತು.

"ಭಾವ, ನಂಗೆ ಕಾಣಕ್ಕಿಲ್ಲ. ನೀನು ಏನಂತ ಬರ್ದಿದ್ದೀಯ, ಓದು," ಎಂದ ಕಿರಿಯ.

"'ನನ್ನ ಸರದೀಲಿ ತೂಬು ತಿರುಗಿಸ್ಕೊಂಡ ಕಳ್ಳ' ಅಂತ ಬರ್ದಿದ್ದೀನಿ."

"ಕಳ್ಳ ಅಂದ್ರೆ ಎಷ್ಟನೇ ನಿಯಮ?"

"ಎರಡನೇದು ಕಣೋ. ಬೈಗುಳ."

"ಒತ್ತು ಮತ್ತೆ."

"ಒತ್ತಿದೆ. ಹೋಯ್ತು ನನ್ನ ಮೇಲೆ. ಈಗ ನೀನು ನಂಗೆ ಬೈದಿರೋದು ಎಲ್ಲೈತೆ, ಹೇಳು."

ನಾನು ಒಳಗೆ ಹೋಗಿ, ಇಷ್ಟು ಹತ್ತಿರ ಕುಳಿತವರು ಎದುರೆದುರಿಗೇ ಹೇಳಿ ಮುಗಿಸಬಾರದೇ ಎಂದು ಕೇಳಿದೆ. ಕಿರಿಯ ನಾಲಗೆ ಕಚ್ಚಿಕೊಂಡು ಎದ್ದು ನಿಂತ.

"ಎದುರಿಗೆ ಎಂಗೆ ಬೈಯೋದು ಮೇಡಂ? ನಮ್ಮಕ್ಕನ್ನ ಕೊಟ್ಟಿದ್ದೀವಿ."

ಎಲೆ ಅಡಿಕೆ

ಪಿರಿಯಾಪಟ್ಟಣದವರೊಬ್ಬರು ಬಿತ್ತನೆ ಶುಂಠಿಯ ಜಾಹೀರಾತನ್ನು ದನಕರುಗಳ ವಿಭಾಗದಲ್ಲಿ ಹಾಕಿದ್ದರು. ಯಾರೋ ಬಾವುಟ ಒತ್ತಿದರು. ದೂರು ಬಂದಿದೆಯೆಂದು ಸಾಧನವೇ ಅವರಿಗೆ ಒಂದು ಸಾಲಿನ ತಿಳಿವಳಿಕೆ ಕಳಿಸಿತು. ಮರುದಿನ ಬೆಳಿಗ್ಗೆ ಅವರು ಮೂವರು ಯಜಮಾನರನ್ನು ಕರೆದುಕೊಂಡು, ಎಲೆ ಅಡಿಕೆ ಬಾಳೆಹಣ್ಣಿನ ಸಮೇತ ಹುಣಸೂರಿನ ನನ್ನ ಮನೆಯ ಜಗಲಿಗೆ ಬಂದಿಳಿದರು.

"ದೂರು ಕೊಟ್ಟೋನ್ನ ಕರೀರಿ ಮೇಡಂ," ಎಂದರು ಎಲ್ಲರಿಗಿಂತ ಹಿರಿಯ ಯಜಮಾನರು. "ಎದುರು ಬದುರು ಕೂತು ರಾಜಿ ಮಾಡ್ಕೊಂಡು ಹೋಯ್ತೀವಿ."

ದೂರು ಕೊಟ್ಟವರ ಹೆಸರನ್ನು ಸಾಧನ ನನಗೆ ಮಾತ್ರ ತೋರಿಸುತ್ತದೆ, ಅದನ್ನು ಹೇಳುವಂತಿಲ್ಲ ಎಂದೆ.

"ಇದ್ಯಾವ ಸೀಮೆ ನ್ಯಾಯ? ಒಬ್ರೇ ರಾಜಿಯಾಗಕ್ಕೆ ಆಯ್ತದಾ? ಎಲೆ ಅಡಿಕೆ ತಂದ್ಮೇಲೆ ಸುಮ್ನೆ ವಾಪಸ್ ಹೋಗಂಗಿಲ್ಲ."

ಮೂವರೂ ಆಲೋಚಿಸಿ ಒಂದು ಉಪಾಯ ಕಂಡುಹಿಡಿದರು. ದೂರುದಾರನ ಸ್ಥಾನದಲ್ಲಿ ನಾನೇ ಕೂರಬೇಕು. ವಿಷಯ ಮುಗಿದರೆ ಸಾಕೆಂದು ಕುಳಿತೆ. ಮೂರನೆಯ ಯಜಮಾನರು ಅರ್ಧ ಗಂಟೆ ನನಗೆ ಬುದ್ಧಿ ಹೇಳಿದರು. ಊರವರ ಮೇಲೆ ಹಿಂದಿನಿಂದ ದೂರು ಕೊಡುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದರು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಹೊತ್ತು ಗದರಿಸಿರಲಿಲ್ಲ. ಕೊನೆಗೆ ನನ್ನ ಕೈಗೆ ಎಲೆ ಅಡಿಕೆ ಕೊಟ್ಟು, ರಾಜಿಯಾಯಿತೆಂದು ಘೋಷಿಸಿ ಎದ್ದರು.

ಎಲ್ಲರೂ ಗೇಟು ದಾಟಿದ ಮೇಲೆ ಆ ಮೂರನೆಯ ಯಜಮಾನರು ಚಪ್ಪಲಿ ಮರೆತವರಂತೆ ಹಿಂದಿರುಗಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ದೂರು ಕೊಟ್ಟೋನು ನಾನೇ ಅಂತ ನಿಮ್ಗೆ ಗೊತ್ತಲ್ಲ ಮೇಡಂ. ಎಂಗೂ ರಾಜಿಯಾಯ್ತು. ನನ್ನ ಪಾಲಿನ ಎಲೆ ಅಡಿಕೆ ಕೊಟ್ಬುಡಿ."

ನೋಟಿಸು

ಇಷ್ಟೆಲ್ಲ ವಿಚಾರಣೆ ನಡೆಸುವಷ್ಟರಲ್ಲಿ ಬಾಕಿ ದೂರುಗಳು ನಲವತ್ತೇಳಕ್ಕೆ ಮುಟ್ಟಿದವು. ಇನ್ನು ಮೂವರು ಬಾವುಟ ಒತ್ತಿದರೆ ವೇದಿಕೆ ಮುಚ್ಚುತ್ತದೆ, ಆನೆಯ ಸುದ್ದಿ ನಿಲ್ಲುತ್ತದೆ. ಒಂದು ಬೆಳಿಗ್ಗೆ ವೇದಿಕೆಯ ನೆತ್ತಿಯ ಮೇಲೆ, ದಪ್ಪ ಕೆಂಪು ಅಕ್ಷರಗಳಲ್ಲಿ ನೋಟಿಸು ಹಾಕಿದೆ: 'ಬಾಕಿ ದೂರುಗಳು ತೀರುವವರೆಗೆ ಯಾರೂ ಯಾವ ಕಾರಣಕ್ಕೂ ಬಾವುಟ ಒತ್ತಕೂಡದು. ಒತ್ತಿದರೆ ವೇದಿಕೆ ಮುಚ್ಚುತ್ತದೆ. ಪ್ರತಿಯೊಬ್ಬರೂ ಇದನ್ನು ತಪ್ಪದೆ ಓದತಕ್ಕದ್ದು.' ವಾದಕ್ಕೆ ಅವಕಾಶವಿರಬಾರದೆಂದು, ಕೆಳಗೆ ಯಾರೂ ಉತ್ತರ ಬರೆಯದಂತೆ ಬೀಗವನ್ನೂ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಆ ನೋಟಿಸಿನ ಮೇಲೆಯೇ ಇನ್ನೂರ ಹನ್ನೆರಡು ದೂರುಗಳು ಬಂದವು. ವೇದಿಕೆ ಮುಚ್ಚಿಕೊಂಡಿತು.

ಬಾವುಟ ಒತ್ತಿದವರಲ್ಲಿ ಮೊದಲಿನವಳು ನನ್ನದೇ ಹಳೆಯ ವಿದ್ಯಾರ್ಥಿನಿ. ಈಗ ಹುಣಸೂರಿನ ಪಕ್ಕದ ಹಳ್ಳಿಯಲ್ಲಿ ರೇಷ್ಮೆ ಸಾಕುತ್ತಾಳೆ. ಫೋನು ಮಾಡಿ, "ಒತ್ತಕೂಡದು ಎಂದು ಬರೆದದ್ದು ನಿನಗೆ ಓದಲು ಬರಲಿಲ್ಲವೇ?" ಎಂದೆ.

"ಓದಿದೆ ಮಿಸ್. ಓದಿದ್ದಕ್ಕೇ ಒತ್ತಿದೆ," ಎಂದಳು, ಅಳುವ ದನಿಯಲ್ಲಿ. "ಸ್ಕೂಲಲ್ಲಿ ನೀವು ನೋಟಿಸ್ ಬುಕ್ ಕಳಿಸ್ತಿದ್ರಲ್ಲ, ಓದಿದೋರೆಲ್ಲ ಕೆಳಗೆ ಸಹಿ ಹಾಕ್ಬೇಕಿತ್ತು. ಹಾಕ್ದೇ ಇದ್ರೆ ಬಿಸಿಲಲ್ಲಿ ನಿಲ್ಲಿಸ್ತಿದ್ರಿ. ಇಲ್ಲಿ ಬರೆಯೋಕೆ ಜಾಗಾನೇ ಇರ್ಲಿಲ್ಲ ಮಿಸ್. ಇದ್ದಿದ್ದು ಬಾವುಟ ಒಂದೇ."

ವೇದಿಕೆಯಲ್ಲಿ ಅರ್ಧ ಜನ ನನ್ನ ವಿದ್ಯಾರ್ಥಿಗಳು. ಉಳಿದರ್ಧ, ಅವರು ಒತ್ತಿದ್ದನ್ನು ನೋಡಿ ಒತ್ತಿದವರು.

ಆಗಲೇ ಎರಡು ಗಂಟೆ. ನಾಲ್ಕಕ್ಕೆ ಹಾಡಿಯವಳು ಆನೆಯ ಸುದ್ದಿ ಬರೆಯಬೇಕು. ಇನ್ನೂರ ಹನ್ನೆರಡು ದೂರುಗಳನ್ನು ಒಂದೊಂದಾಗಿ ವಿಚಾರಿಸಿದರೆ ಮುಂದಿನ ಬೆಳೆಯೂ ಕಟಾವಿಗೆ ಬರುತ್ತದೆ. ಕಂಪ್ಯೂಟರ್ ಅಂಗಡಿಯವಳನ್ನು ಕೇಳಿದೆ. ಒಂದು ದಾರಿ ಇದೆ ಎಂದಳು. ತಪ್ಪು ಮಾಡಿದ ಸದಸ್ಯರನ್ನೇ ಹೊರಗೆ ಹಾಕಿದರೆ, ಅವರ ಮೇಲಿನ ದೂರುಗಳೆಲ್ಲ ಒಂದೇ ಏಟಿಗೆ ತೀರುತ್ತವೆ.

"ಆದ್ರೆ ಇಲ್ಲಿ ತಪ್ಪು ಮಾಡಿದ ಸದಸ್ಯರು ನೀವೇ ಆಂಟಿ," ಎಂದಳು, ಫೋನನ್ನು ಕಿವಿಯಿಂದ ದೂರ ಹಿಡಿದವಳ ದನಿಯಲ್ಲಿ.

ತಪ್ಪಿಲ್ಲದೆ ಯಾರನ್ನೂ ಶಿಕ್ಷಿಸುವುದು ನನಗೆ ಸಲ್ಲದು. ನಿಯಮಗಳನ್ನು ತೆಗೆದು ಓದಿದೆ. ನಾಲ್ಕನೆಯ ನಿಯಮ: 'ದಪ್ಪ ಕೆಂಪು ಅಕ್ಷರಗಳಲ್ಲಿ ಬರೆದು ಇತರರ ಮೇಲೆ ಕೂಗಾಡಕೂಡದು. ಶಿಕ್ಷೆ: ಹದಿನೈದು ದಿನ ಹೊರಗೆ.' ಬರೆದವಳು ನಾನೇ, ವಾಕ್ಯ ಚೊಕ್ಕವಾಗಿತ್ತು. ನಿರ್ವಾಹಕಿ, ಸದಸ್ಯೆ ಎರಡೂ ಕಡೆಯವರನ್ನು ಕೇಳಿದೆ, ಇಬ್ಬರೂ ತಪ್ಪೊಪ್ಪಿಕೊಂಡರು. ಮೂರು ಗಂಟೆಗೆ ನನ್ನನ್ನು ನಾನೇ ಹೊರಗೆ ಹಾಕಿದೆ. ಇನ್ನೂರ ಹನ್ನೆರಡು ದೂರುಗಳು ಕರಗಿ ಬಾಕಿ ನಲವತ್ತೇಳಕ್ಕೆ ಇಳಿಯಿತು, ವೇದಿಕೆ ತೆರೆದುಕೊಂಡಿತು. ನಾಲ್ಕಕ್ಕೆ ಸರಿಯಾಗಿ ಆನೆಯ ಸುದ್ದಿ ಬಂತಂತೆ. ಬಂತಂತೆ ಎನ್ನುತ್ತೇನೆ, ಏಕೆಂದರೆ ಅದನ್ನು ಓದುವ ಹಕ್ಕು ನನಗಿರಲಿಲ್ಲ.

ನಾಲ್ಕೂವರೆಗೆ ಹಾಡಿಯ ಹೆಣ್ಣುಮಗಳ ಫೋನು ಬಂತು.

"ಅವ್ವ, ನಿಮ್ಮನ್ನ ಆಚೆಗೆ ಹಾಕವ್ರಂತೆ? ಯಾರು ಅಷ್ಟು ಧೈರ್ಯ ಮಾಡಿದೋರು?"

"ನಾನೇ."

"ಅಂಗಾದ್ರೆ ನೀವೇ ಒಳಗೆ ಸೇರಿಸ್ಕೊಂಬುಡಿ."

"ಆಗುವುದಿಲ್ಲ. ಹದಿನೈದು ದಿನ ಎಂದರೆ ಹದಿನೈದು ದಿನ. ನಿರ್ವಾಹಕಿ ಒಪ್ಪುವುದಿಲ್ಲ."

ಅವಳು ನಿಧಾನವಾಗಿ, ಬಹಳ ಮರ್ಯಾದೆಯಿಂದ ಹೇಳಿದಳು:

"ನೀವು ಸುಮ್ನಿರಿ ಅವ್ವ. ಆ ನಿರ್ವಾಹಕಿ ಜೊತೆ ನಾನು ಮಾತಾಡ್ತೀನಿ. ಫೋನು ಅವಳ ಕೈಗೆ ಕೊಡಿ."

ನಾನು ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದೆ.