ಪಾಲಿಕಾರ್ಬೊನೇಟ್ ಪೆಟ್ಟಿಗೆಯೊಳಗೆ ಮೇಷ್ಟ್ರು

"ಇನ್ಮುಂದೆ ಈ ಮಧುಗಿರಿ ಬೆಟ್ಟದ ಒಂದೇ ಒಂದು ಕೋತಿ ನಮ್ಮನೆ ಸಂಡಿಗೆ ಮುಟ್ಟಲಿ, ನೋಡೇಬಿಡ್ತೀನಿ!" ಎಂದು ನಾನು ಘೋಷಿಸಿದ್ದು ಯುಗಾದಿ ಕಳೆದ ವಾರದಲ್ಲಿ. ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ವಿಜ್ಞಾನದ ಮುಂದೆ ಕೋತಿ ಯಾವ ಲೆಕ್ಕ?

ಎರಡು ಬೇಸಿಗೆಯಿಂದ ನನ್ನ ಹೆಂಡತಿ ಲೋಹಿತಾ ತಾರಸಿಯಲ್ಲಿ ಒಣಗಿಸಿದ್ದೆಲ್ಲ ಬೆಟ್ಟದವರ ಹೊಟ್ಟೆಗೇ ಹೋಗಿತ್ತು. ಈ ಸಲ ಅವಳ ತಮ್ಮನ ಮದುವೆ. ಐದು ಸೇರು ಅಕ್ಕಿಯ ಸಂಡಿಗೆ ಪುರವರದ ತವರಿಗೆ ಹೋಗಲೇಬೇಕು.

"ಪಾಲಿಕಾರ್ಬೊನೇಟ್ ಶೀಟಲ್ಲಿ ಪೆಟ್ಟಿಗೆ ಮಾಡಿಸ್ತೀನಿ" ಎಂದೆ.

"ಅದ್ರಲ್ಲಿ ಕೋತಿಗೆಷ್ಟು ಪಾಲು, ನಮಗೆಷ್ಟು ಪಾಲು?"

"ತಮಾಷೆ ಬೇಡ! ನೋಡೋಕೆ ಗಾಜು, ಗಟ್ಟಿಯಲ್ಲಿ ಗಾಜಿಗಿಂತ ಇನ್ನೂರು ಪಟ್ಟು! ಗಲಾಟೆಯಲ್ಲಿ ಪೊಲೀಸರು ಹಿಡಿಯೋ ಗುರಾಣಿ ಇದೇ, ಯುದ್ಧವಿಮಾನದ ಮುಚ್ಚಳ ಇದೇ, ಗಗನಯಾತ್ರಿಯ ಮುಖದ ಕವಚವೂ ಇದೇ! ಅಷ್ಟೇಕೆ, ನೀನು ದಿನಾ ಉರುಳಿಸೋ ಇಪ್ಪತ್ತು ಲೀಟರಿನ ನೀರಿನ ಕ್ಯಾನೂ ಎಷ್ಟೋ ಸಲ ಇದೇ!"

ನೀರಿನ ಕ್ಯಾನು ಎಂದಾಗ ಮಾತ್ರ ಅವಳು ತಲೆಯಾಡಿಸಿದಳು.

ಶಿರಾದಿಂದ ವಾಸಿಫ್ ಬಂದ. ಇಂಥ ಶೀಟು ಕೂರಿಸುವುದೇ ಅವನ ಕೆಲಸ. ಆರಡಿ ಉದ್ದ, ನಾಲ್ಕಡಿ ಎತ್ತರದ ಪೆಟ್ಟಿಗೆ ಎದ್ದು ನಿಂತಿತು. ಸಣ್ಣದೊಂದು ಬಾಗಿಲು, ಅದಕ್ಕೆ ತಳ್ಳಿದರೆ ತಾನೇ ಬೀಳುವ ಬೀಗ. ಒಳಗಿನಿಂದ ಬೆಟ್ಟ ನೋಡಿದರೆ ಮಧ್ಯೆ ಏನೂ ಇಲ್ಲವೇನೋ ಎನ್ನುವಷ್ಟು ತಿಳಿ! ನಾನು ಕೈಮುಗಿಯುವುದೊಂದು ಬಾಕಿ.

"ಸಾರ್, ಗಾಳಿಗೆ ನಾಕು ತೂತು ಬುಡ್ಲಾ?"

"ತೂತು ಬಿಟ್ರೆ ಇರುವೆ ಬರುತ್ತಪ್ಪಾ! ಸಂದೆಲ್ಲ ಅಂಟು ಹಾಕಿ ಮುಚ್ಚು."

ಭಾನುವಾರ ಬೆಳಗ್ಗೆ ಸಂಡಿಗೆ ಒಳಗೆ ಹೋಯಿತು. ಹನ್ನೊಂದಕ್ಕೆ ಹತ್ತಿ ನೋಡುತ್ತೇನೆ, ಪೆಟ್ಟಿಗೆಯ ಒಳಗೋಡೆಯ ತುಂಬ ಹನಿ ಹನಿ ನೀರು! ಹಬೆ ಹೋಗಲು ದಾರಿಯೇ ಇಲ್ಲ. ಸಂಡಿಗೆ ಒಣಗುವ ಬದಲು ಬೆವರುತ್ತಿತ್ತು. ಲೋಹಿತಾ ನೋಡುವ ಮೊದಲೇ ಒರೆಸೋಣ ಅಂತ ಟವೆಲ್ ಹಿಡಿದು ಒಳಗೆ ತೆವಳಿದೆ.

ಹಿಂದೆ 'ಟಕ್' ಎಂದಿತು.

ತಿರುಗಿದರೆ, ಕೆಂಪು ಮೂತಿಯ ಗಡವ ಕೋತಿ ಬಾಗಿಲು ತಳ್ಳಿ ನಿಂತಿದೆ. ಬೀಗ ಬಿದ್ದಿದೆ. ಬೀಗ ಹೊರಗೆ, ಕೀಲಿ ನನ್ನ ಕೈಯಲ್ಲಿ! ಮಧ್ಯೆ ನಾಲ್ಕೇ ಮಿಲಿಮೀಟರು. ಬೀಗದ ಕಣ್ಣು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

ಒದ್ದೆ. ಗುದ್ದಿದೆ. ಕಿರುಚಿದೆ. ಒಳಗೆ ಬಾಣಲೆಯ ಕಾವು. ಕೋತಿ ಕುಕ್ಕರಗಾಲಲ್ಲಿ ಕೂತು ನನ್ನನ್ನು ಹೊಸ ಪ್ರಾಣಿಯಂತೆ ನೋಡತೊಡಗಿತು. ಸದ್ದಿಗೆ ಲೋಹಿತಾ ಓಡಿ ಬಂದಳು. ಪಕ್ಕದ ತಾರಸಿಯಿಂದ ಟೈಲರ್ ಅಫ್ಜಲುನ್ನೀಸಾ ಇಣುಕಿದರು.

"ಯಾ ಅಲ್ಲಾ! ಮೇಷ್ಟ್ರನ್ನ ಯಾಕಮ್ಮಾ ಒಣಗಿಸ್ತಾ ಇದೀಯ?"

ಲೋಹಿತಾ ಗುಂಡುಕಲ್ಲು ತಂದು ಎರಡೂ ಕೈಯಲ್ಲಿ ಎತ್ತಿ ಬಡಿದಳು. ಕಲ್ಲು ಪುಟಿದು ಅವಳ ಕಾಲಿನ ಪಕ್ಕಕ್ಕೇ ಬಿತ್ತು. ಶೀಟಿನ ಮೇಲೆ ಒಂದು ಗೀರು, ಅಷ್ಟೇ.

"ನೋಡಿದ್ಯಾ!" ಒಳಗಿಂದಲೇ ಚಪ್ಪಾಳೆ ತಟ್ಟಿದೆ. "ಒಂದು ಬಿರುಕಿಲ್ಲ!"

"ಹಿಗ್ಗೋದು ಆಮ್ಯಾಕೆ ಹಿಗ್ಗಿ ಕಣ್ರೀ! ಮುಖ ಬದ್ನೆಕಾಯಿ ಆಗೈತೆ!" ಅವಳು ಬಾಗಿಲನ್ನು ಎರಡೂ ಕೈಯಲ್ಲಿ ಜಗ್ಗತೊಡಗಿದಳು. ಆಗ ನನಗೂ ಭಯವಾಯಿತು. ಉಸಿರು ಭಾರ. ಕಣ್ಣಿಗೆ ಬೆವರು. ಎದುರಿಗೇ ಹೆಂಡತಿ, ಮುಟ್ಟಲಾಗದು. ಅವಳು ಶೀಟಿಗೆ ಅಂಗೈ ಒತ್ತಿದಳು, ನಾನೂ ಒಳಗಿಂದ ಅಲ್ಲೇ ಒತ್ತಿದೆ.

ಮರುಕ್ಷಣ ಅವಳು ವಾಸಿಫ್‌ಗೆ ಫೋನು ಹಚ್ಚಿದಳು. ಅವನು ಪಟ್ಟನಾಯಕನಹಳ್ಳಿಯಲ್ಲಿ ಕೆಲಸದಲ್ಲಿದ್ದ. ಸ್ಪೀಕರಿನಲ್ಲಿ ಅವನ ದನಿ: "ಹೊಡೀಬ್ಯಾಡಿ ಅಕ್ಕಾ! ಬಡಿದ್ರೆ ಅದು ಜಗ್ಗಲ್ಲ. ಒಂದು ಮೂಲೇದು ನಾಕು ಸ್ಕ್ರೂ ಬಿಚ್ಚಿ ಎಳೀರಿ, ಅಂಟು ಕಿತ್ಕೊಂಡು ಬಾಳೆಲೆ ಥರ ಬಗ್ತದೆ!"

ಅಫ್ಜಲುನ್ನೀಸಾ ಹೊಲಿಗೆ ಮಿಷಿನ್ನಿನ ಸ್ಕ್ರೂಡ್ರೈವರ್ ಹಿಡಿದೇ ಗೋಡೆ ದಾಟಿದರು. ನಾಲ್ಕು ಸ್ಕ್ರೂ ಹೋದವು. ಇಬ್ಬರೂ ಹಿಡಿದೆಳೆದರು. ಆಹಾ! ಗುಂಡುಕಲ್ಲಿಗೆ ಜಗ್ಗದ ಆ ಮಹಾಶಯ ಇಬ್ಬರು ಹೆಂಗಸರ ಕೈಯಲ್ಲಿ ಮೆತ್ತಗೆ ಬಾಗಿದ! ನಾನು ಹೊಟ್ಟೆಯ ಮೇಲೆ ತೆವಳಿ ಈಚೆ ಬಿದ್ದೆ. ಬೆಟ್ಟದ ಗಾಳಿ ಅಷ್ಟು ತಣ್ಣಗೆಂದು ನಲವತ್ತಾರು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು. ಲೋಹಿತಾ ನನ್ನ ತಲೆಗೆ ಒಂದು ಬಿಂದಿಗೆ ನೀರು ಸುರಿದು, ಆಮೇಲೆ ಅತ್ತಳು.

ಆ ಗಡಿಬಿಡಿಯಲ್ಲಿ ಕೋತಿ ಸಂದಿಯಿಂದ ಒಳಗೆ ನುಗ್ಗಿತು. ಶೀಟು ಏನೂ ಆಗಿಲ್ಲವೆಂಬಂತೆ ಸೆಟೆದು ಮುಚ್ಚಿಕೊಂಡಿತು.

"ಸಿಕ್ಕಿಬಿತ್ತು!" ಒದ್ದೆ ಬಟ್ಟೆಯಲ್ಲೇ ಕುಣಿದೆ. "ಇನ್ನೂರು ಪಟ್ಟು ಗಟ್ಟಿ! ಈಗ ಹೆಂಗೆ ಬರ್ತೀಯೋ ಬಾ!"

ಕೋತಿ ಎರಡೂ ದವಡೆಗೆ ಹಸಿ ಸಂಡಿಗೆ ತುಂಬಿಕೊಂಡಿತು. ನಾಲ್ಕೂ ಗೋಡೆ ಒಮ್ಮೆ ಸವರಿತು. ಸ್ಕ್ರೂ ಇಲ್ಲದ ಮೂಲೆಗೆ ಬೆನ್ನು ಕೊಟ್ಟು ಒತ್ತಿತು, ಬಗ್ಗಿಸಿತು, ಹೊರಟೇಹೋಯಿತು.

ಲೋಹಿತಾ ಕಣ್ಣೊರೆಸಿಕೊಂಡು ಹೇಳಿದಳು: "ಪಾಪ, ಅದುಕ್ಕೆ ಯಾರೂ ವಿಜ್ಞಾನ ಪಾಠ ಮಾಡಿರ್ಲಿಲ್ಲ ಕಣ್ರೀ!"